ಬೆಳ್ಳಿ ಫಿಲ್ಲಿಂಗ್ ತೆಗೆಸುವ ಸೇವೆ: ಕಲಬುರಗಿಯಲ್ಲಿ ದುಡ್ಡು ಕೊಡುವ ಮುಂಚೆ

ಹಳೆಯ ಬೆಳ್ಳಿ ಫಿಲ್ಲಿಂಗ್ ತೆಗೆದು ಬಿಳಿ ಫಿಲ್ಲಿಂಗ್ ಹಾಕುವ ಸೇವೆಗೆ ಒಂದೇ ಅಂಕ ಕೊಡಲು ಬರುವುದಿಲ್ಲ. ಫಿಲ್ಲಿಂಗ್ ಬಿರುಕು ಬಿಟ್ಟಿದ್ದರೆ, ಅಂಚಿನಲ್ಲಿ ಮತ್ತೆ ಹುಳುಕು ಹಿಡಿದಿದ್ದರೆ, ಕೆಲಸ ಶಿಸ್ತಿನಿಂದ ನಡೆದರೆ 5ಕ್ಕೆ 4. ಗಟ್ಟಿಯಾಗಿ ಕೂತಿರುವುದನ್ನು ಬರೀ ಪಾದರಸದ ಭಯಕ್ಕೆ ಕೀಳಿಸುವುದಾದರೆ 1.

ಬೆಳ್ಳಿ ಎಂದು ಕರೆದರೂ ಈ ಅಮಾಲ್ಗಮ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸವೇ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾದ ಮೇಲೆ ಪಾದರಸ ಈ ಲೋಹಗಳ ಜೊತೆ ಬೆಸೆದುಕೊಂಡಿರುತ್ತದೆ. ಆದರೂ ಅಗಿಯುವಾಗ, ಬಿಸಿ ಚಹಾ ಕುಡಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ ತುಸು ಆವಿ ಹೊರಬೀಳುತ್ತದೆ. ನಿಗಾ ಇರಬೇಕಾದ್ದು ಈ ಆವಿಯ ಮೇಲೆ. ಉಸಿರಿನಲ್ಲಿ ಒಳಹೋದ ಆವಿಯ ಸುಮಾರು ಶೇ. 80 ಭಾಗ ರಕ್ತ ಸೇರುತ್ತದೆ. ಖಡಕ್ ರೊಟ್ಟಿ ಜೊತೆ ಫಿಲ್ಲಿಂಗಿನ ಚೂರು ಹೊಟ್ಟೆಗೆ ಹೋದರೆ ಅದು ಬಹುಪಾಲು ಮಲದಲ್ಲೇ ಹೊರಬೀಳುತ್ತದೆ, ಗಾಬರಿ ಬೇಡ.

ಕೈನಡುಕ, ಸಿಡುಕು, ನಿದ್ದೆಗೇಡು, ಮರೆವು, ಮೂತ್ರಪಿಂಡಕ್ಕೆ ಪೆಟ್ಟು: ಇವು ಪಾದರಸದ ಆವಿಯ ನಿಜವಾದ ಲಕ್ಷಣಗಳೇ. ಆದರೆ ಕಂಡುಬಂದದ್ದು ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಇದಕ್ಕಿಂತ ಎಷ್ಟೋ ಪಟ್ಟು ಆವಿ ಕುಡಿದವರಲ್ಲಿ. ಪೋರ್ಚುಗಲ್ ಮತ್ತು ಅಮೆರಿಕದ ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಅಮಾಲ್ಗಮ್ ಹಾಕಿಸಿಕೊಂಡವರ ಮೂತ್ರದಲ್ಲಿ ಪಾದರಸ ಹೆಚ್ಚಿತ್ತು. ನೆನಪು, ಬುದ್ಧಿ, ನರಗಳ ಪರೀಕ್ಷೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು (ಅದರಲ್ಲೂ 6 ವರ್ಷದೊಳಗಿನವರು), ನರರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಪಾದರಸದ ಅಲರ್ಜಿ ಇರುವವರು ಸಾಧ್ಯವಾದಷ್ಟೂ ಹೊಸದಾಗಿ ಇದನ್ನು ಹಾಕಿಸಿಕೊಳ್ಳಬಾರದು ಎಂದಿತು. ಚೆನ್ನಾಗಿರುವ ಹಳೆಯದನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬೇಡಿ ಎಂದೂ ಅದೇ ಹೇಳಿಕೆಯಲ್ಲಿತ್ತು. ಹೆದರಿಸಿ ಕೀಳಿಸುವವರು ಈ ಎರಡನೆಯ ಮಾತನ್ನು ರೋಗಿಗೆ ಮುಟ್ಟಿಸುವುದಿಲ್ಲ, ಇದು ತಪ್ಪು.

ಸುಮ್ಮನೆ ಕೀಳಿಸಬಾರದು, ಯಾಕೆಂದರೆ ಆವಿ ಅತಿ ಹೆಚ್ಚು ಏಳುವುದು ಬರ್ (ಕೊರೆಯುವ ಯಂತ್ರದ ತುದಿ) ತಾಗಿದ ಆ ಕೆಲವು ನಿಮಿಷಗಳಲ್ಲೇ. ತೆಗೆಸಿದ ಮೇಲೆ ಕೆಲವು ದಿನ ದೇಹದಲ್ಲಿ ಪಾದರಸ ಏರಿ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಸೇವೆಯ ಗುಣ ನಿಂತಿರುವುದು ಈ ನಿಮಿಷಗಳ ಮೇಲೆ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ 'ರಬ್ಬರ್ ಡ್ಯಾಮ್ ಹಾಕ್ತೀರಾ?' ಎಂದು ಕೇಳಿ. ಇದು ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಯ ಉಳಿದ ಭಾಗ ಮುಚ್ಚುವ ತೆಳು ಹಾಳೆ. ಚೂರುಗಳು ಗಂಟಲಿಗೆ ಇಳಿಯದಂತೆ ತಡೆಯುತ್ತದೆ, ಆದರೆ ಆವಿಯನ್ನು ಪೂರ್ತಿ ತಡೆಯುವುದಿಲ್ಲ. ಅದಕ್ಕೇ ಜೋರಾಗಿ ಎಳೆಯುವ ದಪ್ಪ ಸಕ್ಷನ್ ಪೈಪ್ ಹಲ್ಲಿನ ಪಕ್ಕದಲ್ಲೇ ಇರಬೇಕು. ತುಟಿಯ ಅಂಚಿಗೆ ಸಿಕ್ಕಿಸುವ ಎಂಜಲಿನ ಸಣ್ಣ ಪೈಪ್ ಈ ಕೆಲಸಕ್ಕೆ ಸಾಲದು. ಬರ್ ಮೇಲೆ ನೀರು ಎಡೆಬಿಡದೆ ಬೀಳುತ್ತಿರಬೇಕು, ಒಣಗಿದ್ದಾಗ ಕೊರೆದರೆ ಬಿಸಿಗೆ ಆವಿ ಹೆಚ್ಚುತ್ತದೆ. ಇಡೀ ಫಿಲ್ಲಿಂಗನ್ನು ಪುಡಿ ಮಾಡುವುದು ಕೆಟ್ಟ ಪದ್ಧತಿ. ಹರಿತವಾದ ಹೊಸ ಕಾರ್ಬೈಡ್ ಬರ್‌ನಿಂದ ನಡುವೆ ಸೀಳಿ, ದೊಡ್ಡ ತುಂಡುಗಳಾಗಿ ಎಬ್ಬಿಸಬೇಕು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಲ್ಲಿ ಕಿಟಕಿ, ಬಾಗಿಲು ಬಿಗಿದು ಎಸಿ ಹಾಕಿಕೊಂಡು ಈ ಕೆಲಸ ಮಾಡುವುದುಂಟು. ಹೊರಗಿನ ಗಾಳಿ ಬರದಿದ್ದರೆ ಆವಿ ಕೋಣೆಯಲ್ಲೇ ಸುತ್ತುತ್ತದೆ, ದಿನವಿಡೀ ಅಲ್ಲೇ ನಿಲ್ಲುವ ಸಹಾಯಕಿಗೆ ಇದರ ಹೊರೆ ರೋಗಿಗಿಂತ ಹೆಚ್ಚು.

ತೆಗೆದ ತುಂಡುಗಳು ಎಲ್ಲಿ ಹೋಗುತ್ತವೆ ಎಂದೂ ಕೇಳಿ. ಬಿಗಿ ಮುಚ್ಚಳದ ಡಬ್ಬಿ ತೋರಿಸಿದರೆ ಒಳ್ಳೆಯ ಕ್ಲಿನಿಕ್. ಸುಡುವ ಕಸದ ಹಳದಿ ಚೀಲಕ್ಕೆ ಹಾಕಿದರೆ ಪಾದರಸ ಹೊಗೆಯಾಗಿ ಮತ್ತೆ ಊರಿನ ಗಾಳಿಗೇ ಬರುತ್ತದೆ.

ಕೀಳಿಸಲು ನ್ಯಾಯವಾದ ಇನ್ನೊಂದು ಕಾರಣವಿದೆ. ಫಿಲ್ಲಿಂಗ್ ತಾಗುವ ಜಾಗದಲ್ಲೇ ಕೆನ್ನೆಯ ಒಳಗೆ ಬಿಳಿ ಜಾಲರಿಯಂಥ ಗುರುತು, ಖಾರ ತಿಂದರೆ ಉರಿ ಇದ್ದರೆ ಲೋಹ ಒಗ್ಗದಿರಬಹುದು. ಗುಟ್ಕಾ, ಅಡಿಕೆಯಿಂದಲೂ ಬಾಯಲ್ಲಿ ಬಿಳಿ ಮಚ್ಚೆ ಆಗುವುದರಿಂದ ನಿಮ್ಮದು ಯಾವುದರಿಂದ ಆದದ್ದು ಎಂದು ಮೊದಲು ತಪಾಸಣೆ ಆಗಲಿ. ನಗರದಲ್ಲೇ ದಂತ ಕಾಲೇಜುಗಳಿವೆ, ಅಲ್ಲಿನ ಬಾಯಿ ರೋಗಗಳ ವಿಭಾಗಕ್ಕೆ ತೋರಿಸಿ. ಗರ್ಭಿಣಿಯರು ಹಾಕಿಸುವುದೂ ಬೇಡ, ತುರ್ತಿಲ್ಲದೆ ತೆಗೆಸುವುದೂ ಬೇಡ.

ಇದರ ಜೊತೆ ಮಾರುವ 'ಪಾದರಸ ಇಳಿಸುವ' ಮಾತ್ರೆ, ಡ್ರಿಪ್‌ಗಳಿಗೆ 0. ಅನುಮಾನವಿದ್ದರೆ ಸಾದಾ ಮೂತ್ರ ಪರೀಕ್ಷೆ ಸಾಕು. ಔಷಧಿ ಕೊಟ್ಟು ಪಾದರಸ ಹೊರಡಿಸಿ ಅಳೆದರೆ ಯಾರದ್ದಾದರೂ ಅಂಕಿ ಏರಿಯೇ ಬರುತ್ತದೆ.

ಬದಲಿಗೆ ಹಾಕುವ ಕಂಪೋಸಿಟ್ (ಹಲ್ಲಿನ ಬಣ್ಣದ ಬಿಳಿ ಫಿಲ್ಲಿಂಗ್) ಕೂರಬೇಕಾದರೆ ಹಲ್ಲಿಗೆ ಎಂಜಲಿನ ತೇವ ತಾಗಬಾರದು. ಸುಮಾರು 2 ಮಿಲಿಮೀಟರಿನ ಪದರ ಹಾಕಿ, ಒಂದೊಂದಕ್ಕೂ ನೀಲಿ ಬೆಳಕು ಹಿಡಿಯಬೇಕು. ಒಮ್ಮೆಗೇ ತುಂಬುವುದಕ್ಕೆಂದೇ ಮಾಡಿದ ಸಾಮಗ್ರಿ ಅಲ್ಲದಿದ್ದರೆ, ಒಂದೇ ಸಲ ತುಂಬಿದಾಗ ತಳ ಹಸಿಯಾಗೇ ಉಳಿದು ಹಲ್ಲು ಜುಮ್ಮೆನ್ನುತ್ತದೆ. ಗ್ಲಾಸ್ ಅಯಾನೊಮರ್ ಎಂಬ ಇನ್ನೊಂದು ಬಗೆಯ ಫಿಲ್ಲಿಂಗ್ ತೇವ ತಡೆದುಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ, ಮಕ್ಕಳ ಹಾಲುಹಲ್ಲಿಗೆ ಒಳ್ಳೆಯದು. ಖಡಕ್ ರೊಟ್ಟಿ ಅಗಿಯುವ ದವಡೆಯಲ್ಲಿ ಬೇಗ ಸವೆಯುತ್ತದೆ. ಹಲ್ಲಿನ ಗೋಡೆಯೇ ಹೋಗಿದ್ದರೆ ಕ್ಯಾಪ್ ಮಾಡಿಸಿ. ಕುರ್ಚಿಯಿಂದ ಏಳುವ ಮುಂಚೆ ಬಣ್ಣದ ಕಾಗದ ಕಚ್ಚಿಸಿ ಫಿಲ್ಲಿಂಗಿನ ಎತ್ತರ ನೋಡಲೇಬೇಕು. ಮರಗಟ್ಟಿದ ದವಡೆಗೆ ವ್ಯತ್ಯಾಸ ತಿಳಿಯದು. ಮರುದಿನ ಆ ಹಲ್ಲೇ ಮೊದಲು ತಾಗಿದರೆ ತಡಮಾಡದೆ ಹೋಗಿ ತುಸು ಉಜ್ಜಿಸಿಕೊಳ್ಳಿ.