ಬಿಸಿಲಿನ ಪಾಠಕ್ಕೆ ಹಪ್ಪಳದವಳು ಹೋಗಿ ಬಂದದ್ದು

ಮೊದಲೇ ಹೇಳಿಬಿಡ್ತೀನಿ, ನಾನು ಈ ತರಗತಿಗೆ ಹೋಗಿದ್ದು ಸೋಲಾರ್ ಹಾಕಿಸೋಕಲ್ಲ. ಹಾಕಿಸಬಾರದು ಅನ್ನೋದಕ್ಕೆ ಒಂದು ಗಟ್ಟಿ ಕಾರಣ ಹುಡುಕಿಕೊಂಡು ಹೋಗಿದ್ದೆ.

ಹನುಮಂತನಗರದಲ್ಲಿ ನಮ್ಮದು ಥರ್ಟಿ ಫಾರ್ಟಿ ಸೈಟಿನ ಹಳೇ ಮನೆ. ತಾರಸಿಯೇ ನನ್ನ ಕಾರ್ಖಾನೆ. ಶಿವರಾತ್ರಿ ಕಳೆದದ್ದೇ ಉದ್ದಿನ ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಶುರು. ಮಳೆ ಹಿಡಿಯೋವರೆಗೂ ಬಿಡುವಿಲ್ಲ. ಇಪ್ಪತ್ತೆರಡು ವರ್ಷದಿಂದ ಸುತ್ತಮುತ್ತಲ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕೊಡ್ತಿದ್ದೀನಿ. ಮಗ ಎಲ್ಲೋ ಓದಿಕೊಂಡು ಬಂದು "ಅಮ್ಮ, ಮೂರು ಕಿಲೋವ್ಯಾಟ್ ಹಾಕಿಸಿಬಿಡೋಣ, ಸರ್ಕಾರ 78,000 ಸಬ್ಸಿಡಿ ಕೊಡುತ್ತೆ" ಅಂದ. ಜಾಗ ಎಷ್ಟು ಬೇಕೋ ಅಂದೆ. ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ. ಅಂದರೆ ಮುನ್ನೂರು. ನನ್ನ ಲೆಕ್ಕದಲ್ಲಿ ಆರು ಪಂಚೆ ಹಾಸೋ ಜಾಗ! ಆರು ಪಂಚೆ ಸಂಡಿಗೆ ಬಿಟ್ಟು ನಾನು ಕರೆಂಟು ಒಣಗಿಸಲಾ?

ಅಷ್ಟರಲ್ಲಿ ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಪಾರ್ಕಿನ ಪಕ್ಕದ ಹಾಲಿನಲ್ಲಿ ಮೂರು ಭಾನುವಾರದ ತರಗತಿ ಇಟ್ಟಿದ್ದಾರೆ ಅಂತ ಗೊತ್ತಾಯ್ತು. ವಿಷಯ: ನಮ್ಮ ಮನೆ ಮೇಲೆ ನಾವೇ ಕರೆಂಟು ಮಾಡಿಕೊಳ್ಳೋದು ಹೇಗೆ. ಬೆಳಗ್ಗೆ ಹತ್ತರಿಂದ ಒಂದು ಗಂಟೆ, ಮೂರು ವಾರಕ್ಕೂ ಸೇರಿ 150 ರೂಪಾಯಿ, ಖಾರಾಬಾತ್ ಕಾಫಿ ಅದರಲ್ಲೇ. ಬರುವಾಗ ಮೂರು ತಿಂಗಳ ಕರೆಂಟ್ ಬಿಲ್ಲು ತನ್ನಿ ಅಂದಿದ್ರು. ಆ ಒಂದು ಮಾತಿಗೇ ನನಗೆ ಸ್ವಲ್ಪ ನಂಬಿಕೆ ಬಂತು. ಮಾರೋಕೆ ಬಂದವರು ನಮ್ಮ ಬಿಲ್ಲು ಕೇಳಲ್ಲ, ಅವರ ಬ್ರೋಷರ್ ಕೊಡ್ತಾರೆ.

ಮೊದಲ ಭಾನುವಾರ ಇಡೀ ಬಿಲ್ಲು ಓದಿದ್ದೇ. ಪಾಠ ಮಾಡಿದವರು ನಿವೃತ್ತ ಮೇಷ್ಟ್ರು, ಎಂಜಿನಿಯರಿಂಗ್ ಕಾಲೇಜಲ್ಲಿ ಇದ್ದವರು. ಆರ್‌ಆರ್ ನಂಬರ್ ಎಲ್ಲಿದೆ, ಸ್ಯಾಂಕ್ಷನ್ಡ್ ಲೋಡ್ ಅಂದರೆ ಏನು, ಒಂದು ಯೂನಿಟ್ಟೂ ಉರಿಸದಿದ್ದರೂ ಫಿಕ್ಸೆಡ್ ಚಾರ್ಜ್ ಯಾಕೆ ಬರುತ್ತೆ, ಎಲ್ಲಾ ಬೆರಳಿಟ್ಟು ತೋರಿಸಿದ್ರು. ಇಷ್ಟು ವರ್ಷ ಕೊನೇ ಸಾಲು ಮಾತ್ರ ನೋಡಿ ಮಡಚಿ ಇಡ್ತಿದ್ದವಳು ನಾನು. ನನ್ನ ಬಿಲ್ಲನ್ನ ಎಲ್ಲರ ಎದುರೇ ಲೆಕ್ಕ ಹಾಕಿದ್ರು. ಗೃಹಜ್ಯೋತಿಗೆ 2022-23ರ ಸರಾಸರಿ ಬಳಕೆ ತಗೊಂಡು ಶೇ 10 ಸೇರಿಸ್ತಾರೆ. ನಮ್ಮದು 118 ಯೂನಿಟ್ ಇತ್ತು, ಹಾಗಾಗಿ 130ರವರೆಗೆ ಉಚಿತ. ನಾವು ಅದರೊಳಗೇ ಇದ್ದೀವಿ, ಬಿಲ್ಲು ಸೊನ್ನೆ. "ಅಮ್ಮಾ, ದುಡ್ಡಿನ ಲೆಕ್ಕದಲ್ಲಿ ಹೇಳೋದಾದ್ರೆ ನಿಮಗೆ ಇವತ್ತು ಸೋಲಾರಿಂದ ಉಳಿತಾಯ ಏನೂ ಇಲ್ಲ" ಅಂದುಬಿಟ್ರು ಮೇಷ್ಟ್ರು. ನಾನು ಪಕ್ಕದಲ್ಲಿ ಕೂತಿದ್ದ ಮಗನ ಮುಖ ನೋಡಿದೆ.

ಅದಾದ ಮೇಲೆ ಹಿಂದಿನ ಬೀದಿಯವರ ಬಿಲ್ಲು ತಗೊಂಡ್ರು. ಎರಡು ಎಸಿ, ಚಾರ್ಜಿಂಗ್ ಸ್ಕೂಟರ್ರು, ತಿಂಗಳಿಗೆ 420 ಯೂನಿಟ್. 200 ದಾಟಿದ್ದಕ್ಕೆ ಪೂರ್ತಿ ಬಿಲ್ಲು ಕಟ್ಟಬೇಕು. ಬೆಂಗಳೂರಲ್ಲಿ ಒಂದು ಕಿಲೋವ್ಯಾಟ್ ಪ್ಲೇಟು ವರ್ಷದ ಸರಾಸರಿಯಲ್ಲಿ ದಿನಕ್ಕೆ ಹೆಚ್ಚೂಕಮ್ಮಿ ನಾಲ್ಕು ಯೂನಿಟ್ ಕೊಡುತ್ತಂತೆ. ಮೂರು ಕಿಲೋವ್ಯಾಟಿಗೆ ತಿಂಗಳಿಗೆ 360ರ ಹತ್ತಿರ. ಅವರಿಗೆ ಹಾಕಿಸಿಕೊಂಡರೆ ಲಾಭ. ಹೀಗೆ ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಬೇಡ ಅಂತ ಮುಖಕ್ಕೇ ಹೇಳೋ ತರಗತಿ ನಾನಂತೂ ನೋಡಿರಲಿಲ್ಲ. ಸಬ್ಸಿಡಿ ವಿಷಯ ಕೂಡ ಬಿಡಿಸಿ ಹೇಳಿದ್ರು: 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, ಮೂರು ಅಥವಾ ಅದಕ್ಕಿಂತ ಜಾಸ್ತಿಗೆ ಒಟ್ಟು 78,000, ಅಲ್ಲಿಗೆ ಮುಗೀತು. ದುಡ್ಡು ಮೊದಲೇ ಸಿಗಲ್ಲ, ಎಲ್ಲಾ ಹಾಕಿಸಿ ಚಾಲೂ ಆದ ಮೇಲೆ ನಮ್ಮ ಖಾತೆಗೆ ಬರುತ್ತೆ. ಪ್ಲೇಟು ಇಲ್ಲೇ ದೇಶದಲ್ಲಿ ತಯಾರಾದದ್ದೇ ಆಗಬೇಕು.

ಎರಡನೇ ಭಾನುವಾರದ್ದು ನೆರಳಿನ ಪಾಠ. ಅದಕ್ಕೆ ವಾರದ ಮೊದಲೇ ಹೋಂವರ್ಕ್ ಕೊಟ್ಟಿದ್ರು: ತಾರಸಿ ಮೇಲೆ ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು ಗಂಟೆಗೆ ಬೀಳೋ ನೆರಳಿನ ಅಂಚನ್ನ ಚಾಕ್‌ಪೀಸಲ್ಲಿ ಗುರುತು ಹಾಕಿ ಫೋಟೋ ತನ್ನಿ ಅಂತ. ನಾನು ರಂಗೋಲಿ ಪುಡಿಯಲ್ಲೇ ಎಳೆದೆ. ಸಿಂಟೆಕ್ಸ್ ಟ್ಯಾಂಕಿನ ನೆರಳು, ಪಕ್ಕದ ಮನೆ ತೆಂಗಿನ ಮರದ ಗರಿ ನೆರಳು, ಎದುರು ಹೊಸದಾಗಿ ಎದ್ದ ನಾಲ್ಕು ಅಂತಸ್ತಿನ ಕಟ್ಟಡದ್ದು. ಸತ್ಯ ಹೇಳಬೇಕು ಅಂದರೆ ನನಗೆ ಎಳೆಯೋ ಅಗತ್ಯ ಇರಲಿಲ್ಲ. ಯಾವ ಮೂಲೆ ಹಪ್ಪಳ ಎಷ್ಟು ಹೊತ್ತಿಗೆ ತಿರುವಿ ಹಾಕಬೇಕು ಅನ್ನೋದು ಕಾಲಿಗೇ ಗೊತ್ತು.

ತರಗತಿಯಲ್ಲಿ ಒಬ್ಬರು, ಪ್ಲೇಟು ಯಾವಾಗಲೂ ದಕ್ಷಿಣಕ್ಕೆ ಮುಖ ಮಾಡಿ ಇಡಬೇಕು, ಹಾಗಾಗಿ ಟ್ಯಾಂಕಿನ ಉತ್ತರಕ್ಕೆ ಮಾತ್ರ ನೆರಳು, ದಕ್ಷಿಣಕ್ಕೆ ಇಟ್ಟರೆ ತಾಪತ್ರಯ ಇಲ್ಲ ಅಂದ್ರು. ನಾನು ಕೈ ಎತ್ತಿದೆ. ಮೇ, ಜೂನಲ್ಲಿ ನಮ್ಮ ಟ್ಯಾಂಕಿನ ಮಧ್ಯಾಹ್ನದ ನೆರಳು ಬೀಳೋದು ದಕ್ಷಿಣಕ್ಕೇ, ಆ ತಿಂಗಳು ಆ ಕಡೆ ನಾನು ಬಾಳಕ ಹಾಕಲ್ಲ ಅಂದೆ. ಕೆಲವರು ನಕ್ಕರು. ಮೇಷ್ಟ್ರು ನಗಲಿಲ್ಲ. ಬೋರ್ಡ್ ಮೇಲೆ ಬರೆದು ತೋರಿಸಿದ್ರು: ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ನೇರ ಬಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ, ಅದಕ್ಕೇ ಶೂನ್ಯ ನೆರಳಿನ ದಿನ ಅನ್ನೋದು. ಆಮೇಲೆ ಉತ್ತರಕ್ಕೆ ಸರಿದು, ಆಗಸ್ಟ್ 18ರ ಹೊತ್ತಿಗೆ ಮತ್ತೆ ನೆತ್ತಿಗೆ ಬರುತ್ತೆ. ವರ್ಷದ ಉಳಿದ ಭಾಗ ದಕ್ಷಿಣದಲ್ಲೇ ಇರೋದರಿಂದ ಪ್ಲೇಟನ್ನ ದಕ್ಷಿಣಕ್ಕೆ ಸ್ವಲ್ಪ ಓರೆ ಇಡೋದು. "ಇವರು ಹೇಳಿದ್ದು ಸರಿ" ಅಂದ್ರು. ಆವತ್ತು ಖಾರಾಬಾತ್ ಎರಡು ಪ್ಲೇಟ್ ತಿಂದೆ.

ಆಮೇಲೆ ಎಲೆಕ್ಟ್ರಿಷಿಯನ್ ಹುಡುಗ ಒಬ್ಬ ಸಣ್ಣ ಪ್ಲೇಟು, ಅದಕ್ಕೊಂದು ಪುಟ್ಟ ಫ್ಯಾನು ಜೋಡಿಸಿಕೊಂಡು ಪಾರ್ಕಿನ ಬಿಸಿಲಿಗೆ ಕರಕೊಂಡು ಹೋದ. ಫ್ಯಾನು ಗರಗರ ತಿರುಗ್ತಿತ್ತು. ಅವನು ಕಾಲಿನ ಚಪ್ಪಲಿ ತೆಗೆದು ಪ್ಲೇಟಿನ ಒಂದೇ ಒಂದು ಚೌಕದ ಮೇಲೆ ಇಟ್ಟ. ಪ್ಲೇಟಿನ ಮುಕ್ಕಾಲು ಮೂರುವೀಸ ಭಾಗ ಬಿಸಿಲಲ್ಲೇ ಇದೆ, ಆದರೂ ಫ್ಯಾನು ಉಸಿರು ಹೋದಹಾಗೆ ನಿಧಾನ ಆಗಿ ನಿಂತೇ ಹೋಯ್ತು. ಚೌಕಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಜೋಡಿಸಿರ್ತಾರಂತೆ. ಬೋರ್‌ವೆಲ್ಲಿಂದ ಕೈಯಿಂದ ಕೈಗೆ ಬಿಂದಿಗೆ ದಾಟಿಸೋ ಸಾಲಲ್ಲಿ ಒಬ್ಬಳು ಕೈಕಟ್ಟಿ ನಿಂತರೆ ಏನಾಗುತ್ತೋ ಅದೇ. ದೊಡ್ಡ ಪ್ಲೇಟುಗಳಲ್ಲಿ ಆ ಸಾಲು ತಪ್ಪಿಸಿ ಹೋಗೋಕೆ ಬೈಪಾಸ್ ಡಯೋಡ್ ಅಂತ ಇರುತ್ತೆ, ಆದರೂ ನಷ್ಟ ನಷ್ಟವೇ. ತೆಂಗಿನ ಗರಿಯ ನೆರಳಿಗೆ ಅಷ್ಟೊಂದು ಹೆದರಬೇಕಾ ಅಂದುಕೊಂಡಿದ್ದವರೆಲ್ಲ ಆ ಚಪ್ಪಲಿ ನೋಡಿ ಸುಮ್ಮನಾದ್ರು. ಇಡೀ ಮೂರು ವಾರದಲ್ಲಿ ಒಂದೇ ಉಳಿಸಿಕೋ ಅಂದರೆ ನಾನು ಈ ಐದು ನಿಮಿಷ ಉಳಿಸಿಕೊಳ್ತೀನಿ.

ಹಾಲಿಗೆ ವಾಪಸ್ ಬಂದ ಹತ್ತು ನಿಮಿಷಕ್ಕೆ ಕರೆಂಟು ಹೋಯ್ತು. ಮೈಕು ಸತ್ತಿತು, ಫ್ಯಾನು ನಿಂತವು. "ನೋಡಿ, ಸೋಲಾರ್ ಇದ್ದಿದ್ರೆ ಹೀಗಾಗ್ತಿತ್ತಾ?" ಅಂತ ಒಬ್ಬರು ಜೋರಾಗಿ ಕೇಳಿದ್ರು. ಆಗ್ತಿತ್ತು ಅಂದ್ರು ಮೇಷ್ಟ್ರು! ಲೈನಿಗೆ ಸೇರಿಸಿದ ಸಾಮಾನ್ಯ ಸೋಲಾರಿನ ಇನ್ವರ್ಟರ್, ಹೊರಗಿನ ಕರೆಂಟು ಹೋದ ಕ್ಷಣ ತಾನೂ ಬಂದ್ ಆಗುತ್ತೆ. ಇಲ್ಲದಿದ್ದರೆ ನಮ್ಮ ಮನೆ ಕರೆಂಟು ಬೀದಿ ತಂತಿಗೆ ನುಗ್ಗಿ, ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೆ ಕುತ್ತು. ಕರೆಂಟು ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರೋ ವ್ಯವಸ್ಥೆ, ಅದಕ್ಕೆ ಖರ್ಚು ಬೇರೆ. ಸೋಲಾರ್ ಹಾಕಿಸಿ ಎರಡು ವರ್ಷ ಆದ ಒಬ್ಬರು, ಇದನ್ನ ನನಗೆ ಯಾರೂ ಮೊದಲು ಹೇಳಲೇ ಇಲ್ಲ ಅಂತ ಕತ್ತಲ ಹಾಲಲ್ಲಿ ಗೊಣಗಿದ್ದು ಎಲ್ಲರಿಗೂ ಕೇಳಿಸ್ತು.

ಮೂರನೇ ವಾರ ಅರ್ಧ ಚೆನ್ನಾಗಿತ್ತು, ಅರ್ಧ ಇಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋದದ್ದು, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ಅದಕ್ಕೆ ಇಪ್ಪತ್ತು ಸ್ಲೈಡ್ ಬೇಕಿರಲಿಲ್ಲ. ಅದೂ ಎಲ್ಲಾ ಇಂಗ್ಲಿಷಲ್ಲಿ; ಬಾಯಲ್ಲಿ ಕನ್ನಡ, ಗೋಡೆ ಮೇಲೆ ಇಂಗ್ಲಿಷ್ ಯಾಕೋ ತಿಳೀಲಿಲ್ಲ. ಆದರೆ ಪುರ ಅನ್ನೋ ಹಳ್ಳಿಯ ಕತೆ ಬಂದಾಗ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಕುಣಿಗಲ್ ತಾಲ್ಲೂಕಿನ ಊರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಅನ್ನೋ ತಂಡ ಅಲ್ಲಿ ಸಗಣಿ ಗ್ಯಾಸಿನ ಕೆಲಸ ಮಾಡಿತ್ತು. ಮೊದಲು ಅಡುಗೆಗೆ ಗ್ಯಾಸ್ ಕೊಡ್ತೀವಿ ಅಂತ ಹೊರಟ್ರಂತೆ. ಇದ್ದ ಸಗಣಿಗೆ ಎಲ್ಲಾ ಮನೆ ಒಲೆಗೂ ಸಾಲೋಷ್ಟು ಗ್ಯಾಸ್ ಬರಲಿಲ್ಲ, ಕೈಬಿಟ್ಟಿತು. ಊರವರಿಗೆ ಮೊದಲು ಬೇಕಿದ್ದದ್ದು ನೀರು. ಆಮೇಲೆ 1987ರಿಂದ ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿ, ಕೊಳವೆಬಾವಿ ನೀರನ್ನ ನಲ್ಲಿಗೆ ತಂದ್ರು, ಮನೆಗಳಿಗೆ ಲೈಟು ಕೊಟ್ರು. ಸಗಣಿ ತಂದು ಹಾಕಿದವರಿಗೆ ಕೂಲಿ, ಗೊಬ್ಬರಕ್ಕೆ ಬಗ್ಗಡ ವಾಪಸ್. ನಲವತ್ತು ವರ್ಷದ ಹಿಂದೆ ತಲೆ ಮೇಲೆ ಕೊಡ ಹೊತ್ತ ಹೆಂಗಸಿಗೆ ಏನು ಬೇಕು ಅಂತ ಕೇಳಿದ್ರಲ್ಲ, ಅದು ನನಗೆ ಹಿಡಿಸ್ತು. ಇದನ್ನೇ ಮೊದಲ ವಾರ ಹೇಳಬೇಕಿತ್ತು.

ಪಾವಗಡದ ಸೋಲಾರ್ ಪಾರ್ಕಿನ ಫೋಟೋ ತೋರಿಸಿದಾಗ ನಮ್ಮೆಜಮಾನ್ರ ಕಡೆ ನೆಂಟರು ನೆನಪಾದ್ರು, ತಿರುಮಣಿ ಪಕ್ಕದವರು. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ತಗೊಂಡದ್ದು. ಎಕರೆಗೆ ವರ್ಷಕ್ಕೆ 21,000ದಿಂದ ಶುರು. ಜಮೀನಿದ್ದವರಿಗೆ ಬಾಡಿಗೆ ಬರುತ್ತೆ, ಅವರ ಹೊಲದಲ್ಲಿ ಕಳೆ ಕೀಳ್ತಿದ್ದವರಿಗೆ ಏನು ಬರುತ್ತೆ ಸಾರ್ ಅಂತ ಕೇಳಿದೆ. ಟೈಮ್ ಆಯ್ತು, ಆಮೇಲೆ ಮಾತಾಡೋಣ ಅಂದ್ರು. ಆ ಆಮೇಲೆ ಬರಲೇ ಇಲ್ಲ. ಬಾಡಿಗೆ ಮನೆಯವರು ಏನು ಮಾಡಬೇಕು ಅಂತ ಹಿಂದಿನ ಸಾಲಿನ ಹುಡುಗಿ ಕೇಳಿದ್ದಕ್ಕೂ ಅದೇ ಗತಿ. ನಲವತ್ತು ಜನರಲ್ಲಿ ಅರ್ಧ ಜನ ಬಾಡಿಗೆಯವರೇ ಇದ್ರು. ಅಪಾರ್ಟ್‌ಮೆಂಟಿನವರಿಗೆ ಮಾತ್ರ, ಲಿಫ್ಟು ಪಂಪಿನಂಥ ಕಾಮನ್ ಬಳಕೆಗೆ ಹಾಕಿಸಿದರೆ ಸಂಘಕ್ಕೆ ಕಿಲೋವ್ಯಾಟಿಗೆ 18,000 ಸಬ್ಸಿಡಿ ಇದೆ ಅಂದ್ರು.

ಕೊನೆಯ ಅರ್ಧ ಗಂಟೆ ಒಂದು ಕಂಪನಿಯ ಹುಡುಗನಿಗೆ ಮೈಕು ಕೊಟ್ಟದ್ದು ಶುದ್ಧ ತಪ್ಪು. ಹೆಸರು ಬೇಡ. ಅವನು ನನ್ನ ಹತ್ತಿರ ಬಂದು "ಆಂಟಿ, ನಮ್ಮದು ಹಾಕಿಸಿದ್ರೆ ನಿಮ್ಮ ಬಿಲ್ ಜೀರೋ" ಅಂದ.

"ಈಗಲೇ ಜೀರೋ ಇದೆಯಲ್ಲಪ್ಪ."

ಒಂದು ಗಳಿಗೆ ತಡವರಿಸಿ, "ಆ ಸ್ಕೀಮು ಎಷ್ಟು ದಿನ ಇರುತ್ತೆ ಆಂಟಿ?" ಅಂದ. ಪ್ರಶ್ನೆ ಏನೋ ನ್ಯಾಯವಾದದ್ದೇ. ಆದರೆ ಫಿಕ್ಸೆಡ್ ಚಾರ್ಜ್ ಕೂಡ ಹೋಗುತ್ತೆ ಅಂದನಲ್ಲ, ಅಲ್ಲಿ ಸಿಕ್ಕಿಬಿದ್ದ. ಮೊದಲ ವಾರ ಬಿಲ್ಲು ಓದೋದು ಕಲಿತ ನಾಲ್ಕೈದು ಹೆಂಗಸರು ಒಟ್ಟಿಗೇ ಹಿಡಕೊಂಡ್ರು.

ಈಗ ನನ್ನ ಮನೆ ವಿಷಯ. ರಂಗೋಲಿ ಗೆರೆ ನೋಡಿದ ಎಲೆಕ್ಟ್ರಿಷಿಯನ್ ಹುಡುಗ, ಎಂಟಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಮಾಡಿಸಿ ಮೇಲೆ ಪ್ಲೇಟು ಹಾಕಿ, ಕೆಳಗೆ ಸಂಡಿಗೆ ಒಣಗಿಸಿ ಆಂಟಿ ಅಂದ. ನೆರಳಲ್ಲಿ ಒಣಗಿದ ಸಂಡಿಗೆ ಬೂಸ್ಟು ಹಿಡಿಯುತ್ತೆ ಮಗಾ ಅಂದೆ. ಆದರೆ ಒಂದು ಹೊಸದು ಗೊತ್ತಾಯ್ತು: ಮೆಟ್ಟಿಲ ಮೇಲಿನ ಹೆಡ್‌ರೂಮಿನ ಚಪ್ಪರ ಇದೆಯಲ್ಲ, ನೂರು ಚದರಡಿಗೆ ಸ್ವಲ್ಪ ಜಾಸ್ತಿ, ಅದರ ಮೇಲೆ ಯಾವ ಹೊತ್ತಲ್ಲೂ ಯಾರ ನೆರಳೂ ಬೀಳಲ್ಲ. ನಾನು ಅಲ್ಲಿಗೆ ಯಾವತ್ತೂ ಹತ್ತಿದವಳಲ್ಲ, ಅದಕ್ಕೇ ಗೊತ್ತಿರಲಿಲ್ಲ. ಒಂದು ಕಿಲೋವ್ಯಾಟ್ ಕೂರುತ್ತೆ. ಮಗ ಏಣಿ ಇಟ್ಟು ಅಳತೆ ತಗೊಂಡಿದ್ದಾನೆ. ಗೃಹಜ್ಯೋತಿ ಇರೋವರೆಗೆ ನಾನು ಹೂಂ ಅನ್ನಲ್ಲ, ಉಹೂಂ ಅಂತಲೂ ಅನ್ನಲ್ಲ.

ಮಾರ್ಕು: ಮೊದಲ ವಾರಕ್ಕೆ ಐದಕ್ಕೆ ಐದು, ಎರಡನೇ ವಾರಕ್ಕೂ ಐದು, ಮೂರನೆಯದಕ್ಕೆ ಎರಡೂವರೆ. ಮುಂದಿನ ಬ್ಯಾಚು ದಸರಾ ಕಳೆದ ಮೇಲಂತೆ. ಹೋಗೋರು ಬಿಲ್ಲು ಮರೀಬೇಡಿ, ಸೊಂಟನೋವು ಇದ್ದರೆ ಮನೆಯಿಂದ ದಿಂಬು ತಗೊಂಡು ಹೋಗಿ, ಕುರ್ಚಿ ಕಬ್ಬಿಣದ್ದು. ಖಾರಾಬಾತ್ ಹನ್ನೊಂದೂಕಾಲಿಗೇ ಖಾಲಿ.