ಕಲ್ಲು ಕೇಳಿದರೆ ಕಳ್ಳು ಬಂತು: ಬರೋ–ಎಮೆನೊ ನಿಘಂಟಿನ ಜಾಲತಾಣದ ವಿಮರ್ಶೆ

ಕನ್ನಡದವರಿಗೆ ಕಲ್ಲು ಎಂದರೆ ಕಲ್ಲೇ. ಇಂದಿನ ತೆಲುಗಿನ ಆಡುಮಾತಿನಲ್ಲಿ ಕಲ್ಲು ಎಂದರೆ ಮರದಿಂದ ಇಳಿಸುವ ಹೆಂಡ, ಕಳ್ಳು ಎಂದರೆ ಕಣ್ಣುಗಳು. ನಮ್ಮ ಕಳ್ಳು, ತಮಿಳು ಮತ್ತು ಮಲಯಾಳದವರ ಕಳ್ಳು ಮತ್ತೆ ಹೆಂಡ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಲ, ಳ ಎರಡೂ ಒಂದೇ ಆಗಿ ಇದ್ದಬದ್ದ ಗುರುತೂ ಅಳಿಸಿಹೋಗುತ್ತದೆ. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಓಡಾಡುವ ಬೆಂಗಳೂರಿನಲ್ಲಿ ಬೋರ್ಡು ಬರೆಯುವವರು, ಸಿನಿಮಾಕ್ಕೆ ಸಬ್‌ಟೈಟಲ್ ಹಾಕುವವರು, ಹೊರಗಿನವರಿಗೆ ಕನ್ನಡ ಕಲಿಸುವವರು ಇಂಥ ಪದಗಳ ಮೇಲೆ ದಿನವೂ ಎಡವುತ್ತಾರೆ. ಯಾವುದು ಒಂದೇ ಪದ ಬೇರೆ ಬೇರೆ ಮನೆ ಸೇರಿ ಅರ್ಥ ಬದಲಿಸಿಕೊಂಡದ್ದು, ಯಾವುದು ಸುಮ್ಮನೆ ಕಿವಿಗೆ ಒಂದೇ ಥರ ಕೇಳುವ ಬೇರೆ ಪದ? ಅನುವಾದದ ಆ್ಯಪ್‌ಗಳನ್ನು ಇದಕ್ಕೆ ನಂಬಿಕೊಳ್ಳಬೇಡಿ, ಅವು ಮಾಡಿರುವುದೇ ಬೇರೆ ಕೆಲಸಕ್ಕೆ. ಇದನ್ನೇ ಕಸುಬಾಗಿ ಮಾಡುವ ಸಾಧನವೊಂದು ಪುಕ್ಕಟೆಯಾಗಿ ಸಿಗುತ್ತದೆ: ಟಿ. ಬರೋ ಮತ್ತು ಎಂ. ಬಿ. ಎಮೆನೊ ಸೇರಿ ಕಟ್ಟಿದ ದ್ರಾವಿಡ ಪದಮೂಲ ನಿಘಂಟು. ಷಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯ ತಾಣದಲ್ಲಿ ಅದರ ಹುಡುಕಬಲ್ಲ ರೂಪ ಇದೆ. ನೋಂದಣಿ ಬೇಡ, ಹಣ ಬೇಡ.

ನಿಘಂಟು ಮೊದಲು ಬಂದದ್ದು 1961ರಲ್ಲಿ. ತಾಣದಲ್ಲಿರುವುದು 1984ರ ಎರಡನೇ ಆವೃತ್ತಿ, ಒಟ್ಟು 5557 ನಮೂದುಗಳು. ಬರೋ ಆಕ್ಸ್‌ಫರ್ಡಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರು. ಎಮೆನೊ 1930ರ ದಶಕದಲ್ಲಿ ನೀಲಗಿರಿ, ಕೊಡಗುಗಳಲ್ಲಿ ಓಡಾಡಿ ತೋಡ, ಕೋತ, ಕೊಡವ ಭಾಷೆಗಳನ್ನು ಕಿವಿಯಿಂದ ಕೇಳಿ ಬರೆದುಕೊಂಡವರು. ಹಾಗಾಗಿ ಬರವಣಿಗೆಯ ಪರಂಪರೆ ಇಲ್ಲದ ಭಾಷೆಗಳಿಗೂ ಇಲ್ಲಿ ಸರಿಯಾದ ಜಾಗ ಸಿಕ್ಕಿದೆ. ಕನ್ನಡಕ್ಕೆ ಮುಖ್ಯ ಆಸರೆ ಕಿಟೆಲ್‌ರ 1894ರ ನಿಘಂಟು. ಅದರ ಜೊತೆಗೆ ಹವ್ಯಕ, ಬಾರ್ಕೂರು, ನಂಜನಗೂಡು, ಗುಲ್ಬರ್ಗದ ಆಡುಮಾತಿನ ರೂಪಗಳೂ ಅಲ್ಲಲ್ಲಿ ಬರುತ್ತವೆ.

ಒಂದು ನಮೂದು ತೆರೆದರೆ ಕಾಣುವುದು ಒಂದೇ ಉದ್ದನೆಯ ಪ್ಯಾರಾ. ಮೊದಲು ಸಂಖ್ಯೆ, ಆಮೇಲೆ ಭಾಷೆಗಳ ಸಂಕ್ಷಿಪ್ತ ಹೆಸರು, ಪ್ರತಿಯೊಂದರ ಮುಂದೆ ಪದ ಮತ್ತು ಇಂಗ್ಲಿಷ್ ಅರ್ಥ. ಕ್ರಮ ಯಾವಾಗಲೂ ಒಂದೇ: ತಮಿಳು, ಮಲಯಾಳ, ಕೋತ, ತೋಡ, ಕನ್ನಡ, ಕೊಡವ, ತುಳು, ತೆಲುಗು, ಅಲ್ಲಿಂದ ಮುಂದೆ ಕೋಲಾಮಿ, ಗೊಂಡಿ, ಕುಯಿ, ಕುರುಖ್, ಮಾಲ್ತೊ, ಕೊನೆಗೆ ಬ್ರಾಹುಯಿ. ಯಾವುದಾದರೂ ಭಾಷೆಯಲ್ಲಿ ಪದ ಸಿಕ್ಕಿಲ್ಲದಿದ್ದರೆ ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಿರುತ್ತಾರೆ. ತಮಿಳು ಮೊದಲು ಬಂದಿದೆ ಎಂದ ಮಾತ್ರಕ್ಕೆ ಕನ್ನಡ ಪದ ತಮಿಳಿನಿಂದ ಹುಟ್ಟಿತು ಎಂದಲ್ಲ. ಅದು ಬರೀ ಜೋಡಣೆಯ ಕ್ರಮ. ಇಷ್ಟು ತಿಳಿಯದೆ ಈ ಪುಟದ ಸ್ಕ್ರೀನ್‌ಶಾಟ್ ಹಿಡಿದು ಜಗಳಕ್ಕೆ ನಿಲ್ಲುವವರು ಎರಡೂ ಕಡೆ ಇದ್ದಾರೆ.

ನಿಘಂಟಿನ ನಿಜವಾದ ಬೆಲೆ ಸಂಖ್ಯೆಯಲ್ಲಿದೆ. ಒಂದೇ ಸಂಖ್ಯೆಯಡಿ ಇದ್ದರೆ ಒಂದೇ ಪದ ಎಂದು ಸಂಪಾದಕರ ತೀರ್ಮಾನ. ಬೇರೆ ಸಂಖ್ಯೆಯಾದರೆ ಬೇರೆ ಪದ. ಕಲಿಯುವ ಕಲ್ 1297, ಕಲ್ಲಿನ ಕಲ್ 1298. ಉಚ್ಚಾರ ಒಂದೇ, ಪಕ್ಕಪಕ್ಕದ ಸಂಖ್ಯೆ, ಆದರೂ ಬೇರೆ ಬೇರೆ. ಕಲ್ಲಿನ ಮೇಲೆ ಕೆತ್ತಿ ಕಲಿತದ್ದರಿಂದ ಕಲಿಕೆ ಎಂಬ ಚೆಂದದ ಕಥೆಗೆ ಇಲ್ಲಿ ಜಾಗವಿಲ್ಲ. ಹೆಂಡದ ಕಳ್ಳು ಮೂರನೆಯ ನಮೂದು, ಅದರೊಳಗೆ ತೆಲುಗಿನ ಕಲ್ಲು ಕೂಡ ಇದೆ, ಏಕೆಂದರೆ ನಮ್ಮ ಳಕಾರದ ಜಾಗದಲ್ಲಿ ಅಲ್ಲಿ ಲಕಾರ ಬಂದಿದೆ. ತೆಲುಗಿನ ಕಣ್ಣುಗಳ ಕಳ್ಳು ಕಣ್ ಎಂಬುದರ ಬಹುವಚನ. ಅದನ್ನು ಹುಡುಕಬೇಕಾದ್ದು 1159ರಲ್ಲಿ.

ಪಳ್ಳಿ ಇದಕ್ಕೆ ತದ್ವಿರುದ್ಧ. ಬೊಮ್ಮನಹಳ್ಳಿ, ದಾಸರಹಳ್ಳಿ, ಮಾರತ್‌ಹಳ್ಳಿ ಎಂದು ಬೆಂಗಳೂರಿನ ಬಸ್ ಬೋರ್ಡಿನ ತುಂಬ ಹಳ್ಳಿ ಎಂಬ ರೂಪದಲ್ಲಿ ಇರುವ ಈ ಪದ ತಮಿಳಿನಲ್ಲಿ ಶಾಲೆ, ಮಲಗುವ ಕೋಣೆ, ಜೈನ ಬೌದ್ಧರ ನೆಲೆ, ಚಿಕ್ಕ ಊರು, ಎಲ್ಲವೂ ಹೌದು. ದೇವಸ್ಥಾನದ ಶಯನಗೃಹಕ್ಕೆ ಪಳ್ಳಿಯರೈ ಎನ್ನುತ್ತಾರೆ. ಕೇರಳದಲ್ಲಿ ಪಳ್ಳಿ ಎಂದರೆ ಚರ್ಚು ಅಥವಾ ಮಸೀದಿ. ಅದೇ ಪದ ರಾಜರಿಗೂ ದೇವರಿಗೂ ಮರ್ಯಾದೆ ತೋರಿಸಲು ಪದದ ಮುಂದೆ ಸೇರಿ ಪಳ್ಳಿಯುರಕ್ಕಂ (ನಿದ್ದೆ), ಪಳ್ಳಿವೇಟ್ಟ (ಬೇಟೆ) ಎಂದೂ ಬರುತ್ತದೆ. ಮಂಗಳೂರಿನ ಕಡೆ ಪಳ್ಳಿ ಮಸೀದಿ. ತೆಲುಗಿನಲ್ಲಿ ಪಲ್ಲೆ, ಮತ್ತೆ ಊರು. ಇಷ್ಟು ದೂರ ದೂರ ನಿಂತ ಅರ್ಥಗಳೆಲ್ಲ 4018 ಎಂಬ ಒಂದೇ ಸಂಖ್ಯೆಯಡಿ ಸೇರಿವೆ. ತಂಗುವ ಜಾಗ ಎಂಬ ಎಳೆ ಹಿಡಿದರೆ ಊರೂ, ಸನ್ಯಾಸಿಗಳ ನೆಲೆಯೂ, ಅಲ್ಲಿ ನಡೆಯುತ್ತಿದ್ದ ಪಾಠವೂ, ಮಲಗುವ ಕೋಣೆಯೂ ಒಂದರ ಪಕ್ಕ ಒಂದು ಕೂರುತ್ತವೆ. ಆದರೆ ಈ ಎಳೆಯನ್ನು ನಿಘಂಟು ಹೇಳಿಕೊಡುವುದಿಲ್ಲ, ಓದುವವರೇ ಜೋಡಿಸಿಕೊಳ್ಳಬೇಕು. ತಮಿಳಿನ ಪಲ್ಲಿ ಮಾತ್ರ ಈ ಗುಂಪಿಗೆ ಸೇರಿಲ್ಲ. ಅದು ಗೋಡೆಯ ಮೇಲಿನ ಹಲ್ಲಿ, ಲಕಾರದ ಪದ, ಬೇರೆ ನಮೂದು.

ಇನ್ನು ಹುಡುಕುವ ಕಷ್ಟ. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೆ ಏನೂ ಸಿಗದು. ಎಲ್ಲವೂ ರೋಮನ್ ಅಕ್ಷರದಲ್ಲಿದೆ: ದೀರ್ಘಕ್ಕೆ ಮೇಲೆ ಗೆರೆ, ಟ ಡ ಣ ಳಗಳಿಗೆ ಅಡಿಯಲ್ಲಿ ಚುಕ್ಕಿ, ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿದ ಎರಡು ಅಕ್ಷರಗಳಲ್ಲಿ ರಕಾರದಂಥ ಱಗೆ ಅಡಿಯಲ್ಲಿ ಗೆರೆ, ಳಕಾರದಂಥ ೞಗೆ ಆರ್ ಅಕ್ಷರದ ಅಡಿಯಲ್ಲಿ ಎರಡು ಚುಕ್ಕಿ. ಮ್ಯಾಕ್ ಇದ್ದರೆ ಎಬಿಸಿ ಎಕ್ಸ್‌ಟೆಂಡೆಡ್ ಕೀಲಿಮಣೆ ಆರಿಸಿಕೊಳ್ಳಿ. ಆಪ್ಷನ್ ಜೊತೆ ಎ ಒತ್ತಿದರೆ ಮೇಲ್ಗೆರೆ, ಆಪ್ಷನ್ ಜೊತೆ ಎಕ್ಸ್ ಒತ್ತಿದರೆ ಅಡಿಚುಕ್ಕಿ ಬರುತ್ತದೆ. ಮೊಬೈಲಿನಲ್ಲಿ ಈ ಒದ್ದಾಟ ಬೇಡ. ಪೂರ್ಣ ಪಠ್ಯದ ಹುಡುಕಾಟ ಆರಿಸಿ ಇಂಗ್ಲಿಷ್ ಅರ್ಥವನ್ನೇ ಹಾಕಿ, ಬಂದ ಪಟ್ಟಿಯಲ್ಲಿ ಕನ್ನಡದ ಗುರುತಾದ ‘ಕೆಎ’ ಎಂಬ ಎರಡಕ್ಷರ ನೋಡುತ್ತಾ ಹೋಗಿ. ಅರ್ಥ ಆರಿಸುವಾಗ ಸ್ವಲ್ಪ ಜಾಣತನ ಬೇಕು. ನೀರು, ಹೋಗು, ದೊಡ್ಡದು ಇಂಥವನ್ನು ಹಾಕಿದರೆ ಸಾಲು ಮುಗಿಯುವುದೇ ಇಲ್ಲ. ಹಲ್ಲಿ, ಹುಣಸೆ, ನೊಗ ಇಂಥ ಗಟ್ಟಿ ವಸ್ತುಗಳಾದರೆ ಬೇಗ ಸಿಗುತ್ತವೆ.

ಪದವನ್ನೇ ಹಾಕಿ ಹುಡುಕುವವರಿಗೆ ಕೆಲವು ಧ್ವನಿ ನಿಯಮ ಬಾಯಿಗೆ ಬರಬೇಕು, ಇಲ್ಲದಿದ್ದರೆ ಇದ್ದ ಪದವೂ ಇಲ್ಲ ಅನಿಸುತ್ತದೆ. ಕನ್ನಡದ ಮೊದಲ ಹಕಾರ ಬಹುಪಾಲು ಹಿಂದಿನ ಪಕಾರ: ಹಾಲು ಸಿಗುವುದು ಪಾಲ್ ಎಂದು, 4096ರಲ್ಲಿ. ಮೊದಲ ಬಕಾರ ತಮಿಳಿನಲ್ಲಿ ಅನೇಕ ಸಲ ವಕಾರ: ಬೇರು ವೇರ್, ಬಿಲ್ಲು ವಿಲ್, ಬೆಳ್ಳಿ ವೆಳ್ಳಿ. ಇ, ಎ ಮುಂದಿರುವ ಕಕಾರ ಅಲ್ಲಿ ಚಕಾರ, ಹಾಗಾಗಿ ಕಿವಿಯ ನಮೂದು ಚೆವಿ ಎಂದು ಶುರುವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸ್ವರ. ನಮ್ಮ ಎಲೆ ತಮಿಳಿನಲ್ಲಿ ಇಲೈ, ನಮ್ಮ ಇಲಿ ತಮಿಳಿನಲ್ಲಿ ಎಲಿ. ಅದಲುಬದಲಾದಂತೆ ಕಂಡರೂ ಹಿಂದೆ ಕ್ರಮವಿದೆ: ಕನ್ನಡದಲ್ಲಿ ಮುಂದಿನ ಅಕ್ಷರದ ಸ್ವರ ಹಿಂದಿನದನ್ನು ತನ್ನ ಕಡೆ ಎಳೆದುಕೊಂಡಿದೆ. ಮುಂದೆ ಇ ಇದ್ದರೆ ಎಕಾರ ಇಕಾರವಾಗಿ ಇಲಿ, ಕಿವಿ. ಮುಂದೆ ತೆರೆದ ಸ್ವರವಿದ್ದರೆ ಎಲೆ, ಕೊಡೆ. ಕೊಡೆಗೆ ತಮಿಳಿನಲ್ಲಿ ಕುಡೈ ಎನ್ನುವುದೂ ಇದರಿಂದಲೇ.

ಅರಿ ಎಂಬ ಎರಡಕ್ಷರದ ಪದ ಈ ನಿಘಂಟಿಗೆ ಕಠಿಣ ಪರೀಕ್ಷೆ. ತುಳುವರಿಗೂ ಮಲಯಾಳಿಗಳಿಗೂ ಅರಿ ಎಂದರೆ ಅಕ್ಕಿ, ಮತ್ತು ನಮ್ಮ ಅಕ್ಕಿಯೂ ಅದೇ ನಮೂದಿನಲ್ಲಿದೆ. ಕನ್ನಡದಲ್ಲಿ ಅರಿ ಎಂದರೆ ತಿಳಿ, ಹಳೆಯ ಬರಹದಲ್ಲಿ ಕತ್ತರಿಸು ಕೂಡ. ತಿಳಿಯುವುದು ಮೊದಲು ಅಱಿ ಆಗಿತ್ತು, ಕತ್ತರಿಸುವುದು ಸಾದಾ ರಕಾರದ ಅರಿ. ಱ ಕೈಬಿಟ್ಟ ಮೇಲೆ ಎರಡೂ ಒಂದೇ ಆದವು. ನಿಘಂಟು ಮೂರನ್ನೂ ಮೂರು ಸಂಖ್ಯೆಯಲ್ಲಿ ಬಿಡಿಸಿಟ್ಟಿದೆ. ಶತ್ರು ಎಂಬರ್ಥದ ಅರಿ ಮಾತ್ರ ಇಲ್ಲಿಲ್ಲ, ಅದು ಸಂಸ್ಕೃತದ ಪದ. ಜಪಾನಿ ಭಾಷೆಯಲ್ಲೂ ಅರಿ ಇದೆ, ಇರುವೆ ಎಂಬ ಅರ್ಥದಲ್ಲಿ. ಇಷ್ಟು ಚಿಕ್ಕ ಪದ ಎಲ್ಲಿ ಬೇಕಾದರೂ ತಾನೇ ಹುಟ್ಟಬಲ್ಲದು. ಅದಕ್ಕೇ ಒಂದು ಪದದ ಹೋಲಿಕೆಯಿಂದ ನಂಟು ಕಟ್ಟಬಾರದು. ಅದೇ ಧ್ವನಿ ಬದಲಾವಣೆ ಹತ್ತಾರು ಪದಗಳಲ್ಲಿ ಕಾಣಬೇಕು.

ಕೊರತೆಗಳು ಸಣ್ಣವಲ್ಲ. ಸಂಸ್ಕೃತ, ಪ್ರಾಕೃತಗಳಿಂದ ದ್ರಾವಿಡಕ್ಕೆ ಬಂದ ಪದಗಳನ್ನು ಸಂಪಾದಕರು ಬೇಕೆಂದೇ ಬಿಟ್ಟಿದ್ದಾರೆ. ಅವಕ್ಕಾಗಿ 1962ರಲ್ಲಿ ಬೇರೆಯೇ ಪುಸ್ತಕ ತಂದರು. ಸಮಯ, ಕೆಲವು ಊರ ಹೆಸರುಗಳ ಕೊನೆಯ ಸಂದ್ರ, ಇವನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ಪಾರಸಿ, ಉರ್ದು ಮೂಲದ ಪೇಟೆಯ ಮಾತುಗಳೂ ಇಲ್ಲ. ಮೂಲ ದ್ರಾವಿಡದಲ್ಲಿ ಪದ ಹೇಗಿತ್ತು ಎಂಬ ಊಹೆಯನ್ನೂ ಕೊಡುವುದಿಲ್ಲ. ಅದನ್ನು ಕೊರತೆ ಎನ್ನುವವರುಂಟು, ನಮಗೆ ಅದು ಸಂಯಮವಾಗಿ ಕಾಣುತ್ತದೆ. 1984ರ ನಂತರದ ಬಳಕೆ ಸೊನ್ನೆ. ನಮೂದಿನ ಕೊನೆಯಲ್ಲಿ ಬೇರೆ ಸಂಖ್ಯೆ ನೋಡಿ ಎಂಬ ಸೂಚನೆ ಇದ್ದರೆ ಹಾರಿಸಬೇಡಿ. ಸಂಪಾದಕರಿಗೇ ಎರಡು ನಮೂದು ಒಂದೇ ಇರಬಹುದೆಂಬ ಅನುಮಾನ ಇದ್ದಾಗ ಅದನ್ನು ಅಲ್ಲೇ ಇಟ್ಟಿರುತ್ತಾರೆ.

ಕನ್ನಡದ ಒಳಗಿನ ಅರ್ಥಕ್ಕೆ ಇದರ ಜೊತೆ ಅಲರ್ ಇಟ್ಟುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿದ್ದು, 2019ರಿಂದ ಎಲ್ಲರಿಗೂ ಮುಕ್ತ. ಕನ್ನಡ ಲಿಪಿಯಲ್ಲೇ ಹುಡುಕಬಹುದು. ಮೊದಲು ಅಲ್ಲಿ ಪದದ ಎಲ್ಲ ಅರ್ಥಗಳನ್ನೂ ನೋಡಿ, ಬೇಕಾದ ಅರ್ಥದ ಇಂಗ್ಲಿಷ್ ಪದವನ್ನು ಎತ್ತಿಕೊಂಡು ಷಿಕಾಗೊ ತಾಣಕ್ಕೆ ಹಾಕುವುದು ಕಡಿಮೆ ಸುಸ್ತಿನ ಕ್ರಮ. ಸಿಕ್ಕ ತೆಲುಗು, ತಮಿಳು, ಮಲಯಾಳ ರೂಪಗಳನ್ನು ಅದೇ ತಾಣದಲ್ಲಿರುವ ಬ್ರೌನ್‌ರ ತೆಲುಗು ನಿಘಂಟು, ಮದ್ರಾಸಿನ ತಮಿಳು ಲೆಕ್ಸಿಕನ್, ಗುಂಡರ್ಟ್‌ರ ಮಲಯಾಳ ನಿಘಂಟುಗಳಲ್ಲಿ ತಾಳೆ ನೋಡಿ. ಮೂರೂ ಹಳೆಯವು, ಹಾಗಾಗಿ ಬೋರ್ಡಿಗೋ ಸಬ್‌ಟೈಟಲಿಗೋ ಹಾಕುವ ಮುನ್ನ ಆ ಭಾಷೆಯ ಒಬ್ಬರ ಬಾಯಲ್ಲಿ ಆ ಪದ ಇಂದು ಹೇಗಿದೆ ಎಂದು ಕೇಳಲೇಬೇಕು.

ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವಾಗ ಱ, ೞ ಎರಡನ್ನೂ ಉಳಿಸಿಕೊಳ್ಳಿ. ಯೂನಿಕೋಡಿನಲ್ಲಿ ಎರಡಕ್ಕೂ ಸ್ವಂತ ಜಾಗವಿದೆ, ಕ್ರಮವಾಗಿ 0ಸಿಬಿ1 ಮತ್ತು 0ಸಿಡಿಇ. ಕೀಲಿಮಣೆಯಲ್ಲಿ ಸಿಗದಿದ್ದರೆ ಒಮ್ಮೆ ನಕಲು ಮಾಡಿ ಮೊಬೈಲಿನ ಶಾರ್ಟ್‌ಕಟ್ ಪಟ್ಟಿಗೆ ಸೇರಿಸಿಟ್ಟರೆ ಸಾಕು. ದುಡಿಯುವ ಆಳು ಳಕಾರದ್ದು, ಬಾವಿಯ ಆೞ ೞಕಾರದ್ದು. ಟಿಪ್ಪಣಿಯಲ್ಲಿ ಎರಡಕ್ಕೂ ಳ ಬರೆದುಬಿಟ್ಟರೆ ಮುಂದಿನ ಸಲ ಹುಡುಕುವಾಗ ಎರಡು ನಮೂದೂ ಕಲಸಿಹೋಗಿರುತ್ತವೆ.