ಕಷ್ಟದ ಇಂಗ್ಲಿಷ್ ಪದಗಳಿಗೆ ಪಟ್ಟಿ ಸಾಕಾ, ಕಾರ್ಡ್ ಬೇಕಾ, ಪೇಪರ್ ಓದಬೇಕಾ?

ಚಿತ್ರದುರ್ಗದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರ ಹತ್ತಿರ ಒಂದು ಜೆರಾಕ್ಸ್ ಪಟ್ಟಿ ಇದ್ದೇ ಇರುತ್ತದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ನಾನೂ ಅದರಿಂದಲೇ ಶುರು ಮಾಡಿದೆ. ಆಮೇಲೆ ಮೊಬೈಲಿನ ಫ್ಲ್ಯಾಶ್‌ಕಾರ್ಡ್ (ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ), ನಂತರ ಇಂಗ್ಲಿಷ್ ಪೇಪರ್. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಪೇಪರಿಗೆ. ಜೊತೆಗೆ ಕಾರ್ಡ್ ಇರಲೇಬೇಕು.

ಪಟ್ಟಿ ಬೇಗ ಮುಗಿಯುತ್ತದೆ, ಅದೊಂದು ಅನುಕೂಲ. ಆದರೆ ಮಿಟಿಗೇಟ್, ಅಬೇಟ್, ಅಲೀವಿಯೇಟ್ ಮೂರರ ಮುಂದೆಯೂ ‘ಕಡಿಮೆ ಮಾಡು’ ಎಂದೇ ಇದ್ದರೆ ಏನು ಮಾಡುವುದು? ಬರದ ಹೊಡೆತವನ್ನು ಮಿಟಿಗೇಟ್ ಮಾಡುತ್ತಾರೆ. ನೋವನ್ನು ಅಲೀವಿಯೇಟ್ ಮಾಡುತ್ತಾರೆ. ಬಿರುಗಾಳಿ ತಾನಾಗಿಯೇ ಅಬೇಟ್ ಆಗುತ್ತದೆ. ಬಿಟ್ಟ ಜಾಗ ತುಂಬುವ ಪ್ರಶ್ನೆಗೆ ಬೇಕಾಗಿರುವುದೇ ಈ ವ್ಯತ್ಯಾಸ, ಅಲ್ವಾ?

ಪದದ ಬೇರು ಹಿಡಿದು ಕಲಿಯುವವರೂ ಇದ್ದಾರೆ. ಲ್ಯಾಟಿನ್ನಿನಲ್ಲಿ ಬೆನೆ ಎಂದರೆ ಒಳ್ಳೆಯದಾಗಿ, ಮಾಲೆ ಎಂದರೆ ಕೆಟ್ಟದಾಗಿ. ಹಾಗಾಗಿ ಬೆನೆವೊಲೆಂಟ್ (ಒಳಿತು ಬಯಸುವ), ಮಲೆವೊಲೆಂಟ್ (ಕೆಡುಕು ಬಯಸುವ) ಎರಡೂ ಒಟ್ಟಿಗೇ ನೆನಪಿಗೆ ಬರುತ್ತವೆ. ಆದರೆ ಪೆಡೆಸ್ಟ್ರಿಯನ್ (ಪಾದಚಾರಿ) ಪದದ ‘ಪೆಡ್’ ಲ್ಯಾಟಿನ್ನಿನ ಪಾದ, ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಶಾಸ್ತ್ರ) ಪದದ ‘ಪೀಡ್’ ಗ್ರೀಕಿನ ಮಗು. ಬೇರನ್ನೇ ನಂಬಿ ಅರ್ಥ ಊಹಿಸಬೇಡಿ.

ಕಾರ್ಡಿಗೆ ನಾನು ಬಳಸುವುದು ಆಂಕಿ ಎಂಬ ಆ್ಯಪ್. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಪುಕ್ಕಟೆ, ಐಫೋನಿಗೆ ಮಾತ್ರ ದುಡ್ಡು. ನೆನಪಿರುವ ಪದವನ್ನು ತಡವಾಗಿ ಕೇಳುತ್ತದೆ, ಮರೆತದ್ದನ್ನು ಬೇಗ ಮುಂದಿಡುತ್ತದೆ. ಕಲಿತದ್ದು ಮೊದಮೊದಲು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರು. ಈ ಕಾರ್ಡುಗಳು ತಡೆಯುವುದು ಆ ಮರೆವನ್ನೇ. ಬೇರೆಯವರು ಮಾಡಿಟ್ಟ ಕಾರ್ಡುಗಳನ್ನು ಮಾತ್ರ ಸುಮ್ನೆ ಇಳಿಸಿಕೊಳ್ಳಬೇಡಿ. ಅದು ಮತ್ತದೇ ಪಟ್ಟಿ.

ಪೇಪರ್ ನಿಧಾನ, ನಿಜ. ಒಂದು ಸಂಪಾದಕೀಯಕ್ಕೆ ನಾಲ್ಕೈದು ಪದ ಸಿಕ್ಕರೆ ಜಾಸ್ತಿ. ಆದರೆ 1933ರ ನಂತರ 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದದ್ದು ನೆನಪಿದೆಯಲ್ಲ? ಅಂಥ ಸುದ್ದಿಯಲ್ಲಿ ಇನಂಡೇಟ್ ಎಂಬ ಪದ ಸಿಕ್ಕರೆ ಅರ್ಥ ಬಾಯಿಪಾಠ ಮಾಡಬೇಕಾಗಿಲ್ಲ. ಹೊಲಕ್ಕೆ ನೀರು ನುಗ್ಗಿದ್ದು ಕಣ್ಣಿಗೆ ಕಟ್ಟುತ್ತದೆ. ಮುಂದೆ ಕಚೇರಿಯೊಂದು ಅರ್ಜಿಗಳಿಂದ ಇನಂಡೇಟ್ ಆಯಿತು ಎಂದು ಓದಿದರೂ ತಡವರಿಸುವುದಿಲ್ಲ. ಆ ವಾಕ್ಯವನ್ನು ಇಡಿಯಾಗಿ ಕಾರ್ಡಿಗೆ ಹಾಕಿ, ಪದದ ಜಾಗ ಖಾಲಿ ಬಿಡಿ.

ಮುಂದಿನ ತಿಂಗಳೇ ಪರೀಕ್ಷೆ ಇದ್ದರೆ ಪಟ್ಟಿಯೇ ಗತಿ. ಆಗಲೂ ಪ್ರತಿ ಪದದ ಪಕ್ಕ ಒಂದು ವಾಕ್ಯ ಬರೆದುಕೊಳ್ಳಿ.